ಬೆಕ್ಕಿನ ಉಗುರು ಕತ್ತರಿಸುವಾಗ ಏನು ತಪ್ಪಿತು? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಉಗುರು ಕತ್ತರಿಸಲು ಹೋಗಿ ಕೈಯೆಲ್ಲ ಪರಚಿಸಿಕೊಂಡವರು ಹೇಳುವುದು ಒಂದೇ ಮಾತು: "ನಮ್ಮ ಬೆಕ್ಕು ಬಲು ಜೋರು, ಅದಕ್ಕೆ ಕೈ ಹಾಕೋಕಾಗಲ್ಲ." ಜೋರಿನ ಬೆಕ್ಕುಗಳು ಇಲ್ಲವೆಂದಲ್ಲ. ಆದರೆ ಬಹಳ ಸಲ ದೋಷ ಇರುವುದು ಕಾಲು ಹಿಡಿದ ರೀತಿಯಲ್ಲಿ, ಮೊಂಡಾದ ಕಟರಿನಲ್ಲಿ, ಇಲ್ಲವೇ ಬೆಳಕಿಲ್ಲದ ಮೂಲೆಯಲ್ಲಿ. ಯಾವುದೆಂದು ಗೊತ್ತುಮಾಡಿಕೊಳ್ಳದೆ ಇನ್ನಷ್ಟು ಬಿಗಿಯಾಗಿ ಅಮುಕಿದರೆ, ಮುಂದಿನ ಸಲ ಡ್ರಾಯರ್ ಎಳೆದ ಸದ್ದಿಗೇ ಬೆಕ್ಕು ಅಟ್ಟ ಸೇರಿರುತ್ತದೆ.

ಕತ್ತರಿಸಬೇಕಾದ ಬೆಕ್ಕೇ?

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಯಲ್ಲಿದ್ದು ಕಣ, ಗೋದಾಮು, ಸೌದೆ ಕೊಟ್ಟಿಗೆ ಎಂದು ದಿನವಿಡೀ ಸುತ್ತುವ ಬೆಕ್ಕಿಗೆ ಉಗುರೇ ಆಯುಧ. ನಾಯಿ ಅಟ್ಟಿಸಿಕೊಂಡು ಬಂದರೆ ಸಿಲ್ವರ್ ಓಕ್ ಮರ ಹತ್ತಿ ಪಾರಾಗಬೇಕು. ಓಡಾಟದಲ್ಲೇ ಅದರ ಉಗುರು ಸವೆಯುತ್ತದೆ. ಅಂಥ ಬೆಕ್ಕಿಗೆ ಕಟರ್ ಹಿಡಿಯುವ ಅಗತ್ಯವಿಲ್ಲ, ತಿಂಗಳಿಗೊಮ್ಮೆ ಮುಂಗಾಲಿನ ಹೆಬ್ಬೆರಳನ್ನು ಮಾತ್ರ ನೋಡಿ. ಕಾಲಿನ ಒಳಬದಿಯಲ್ಲಿ ಸ್ವಲ್ಪ ಮೇಲಿರುವ ಆ ಬೆರಳು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಅದರ ಉಗುರು ಸವೆಯದೆ ಸುತ್ತಿಕೊಳ್ಳುತ್ತದೆ.

ಕತ್ತರಿಸಬೇಕಾದ್ದು ಮನೆಯೊಳಗೇ ಇರುವ ಬೆಕ್ಕಿಗೆ. ಟೈಲ್ಸ್ ಮೇಲೆ ನಡೆದಾಗ ಟಕ್ ಟಕ್ ಎನ್ನುವುದು, ಕಂಬಳಿಗೆ ಉಗುರು ಸಿಕ್ಕಿಸಿಕೊಂಡು ಕಾಲು ಒದರುವುದು, ಪರದೆಯಲ್ಲಿ ನೇತಾಡುವುದು ಇವೆಲ್ಲ ಸೂಚನೆ. ಬೆಳೆದ ಬೆಕ್ಕಿಗೆ 2ರಿಂದ 4 ವಾರಕ್ಕೊಮ್ಮೆ, ಮರಿಗೆ 1ರಿಂದ 2 ವಾರಕ್ಕೊಮ್ಮೆ ಸಾಕು. ಹತ್ತು ವರ್ಷ ದಾಟಿದ್ದನ್ನು ವಾರಕ್ಕೊಮ್ಮೆ ಪರೀಕ್ಷಿಸಬೇಕು. ಒಟ್ಟು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಕೆಲವಕ್ಕೆ ಹುಟ್ಟಿನಿಂದಲೇ ಹೆಚ್ಚಿನ ಬೆರಳಿರುತ್ತದೆ. ಆ ಹೆಚ್ಚುವರಿ ಉಗುರನ್ನು ಮರೆತೇಬಿಡುವವರು ಬಹಳ.

ಸಾಮಾನು, ಮತ್ತು ಕಟರಿಗೊಂದು ಪರೀಕ್ಷೆ

ಅಲಗಿನಲ್ಲಿ ಅರ್ಧಚಂದ್ರದ ಕಚ್ಚು ಇರುವ, ಕತ್ತರಿಯಂಥ ಚಿಕ್ಕ ಕಟರ್ ಒಳ್ಳೆಯದು. ಮರಿಗಾದರೆ ನಾವು ಬಳಸುವ ನೇಲ್ ಕಟರೂ ಆಗುತ್ತದೆ, ಬೆಕ್ಕಿಗೆಂದೇ ಬೇರೆ ಇಡಿ. ಜೊತೆಗೆ ಮುಚ್ಚಳದಲ್ಲಿ ಒಂದು ಚಮಚ ಕಾರ್ನ್ ಫ್ಲೋರ್, ಹತ್ತಿ, ಟಾರ್ಚ್, ದಪ್ಪ ಟವೆಲ್, ಮತ್ತು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯ ಚೂರುಗಳು. ಒಣಮೀನು ಬೇಡ, ಅದರಲ್ಲಿ ಉಪ್ಪು ಜಾಸ್ತಿ.

ಬೆಕ್ಕನ್ನು ಕರೆಯುವ ಮೊದಲು ತೆಂಗಿನ ಪೊರಕೆಯ ಒಂದು ಕಡ್ಡಿಯನ್ನು ಕಟರಿನಿಂದ ಕತ್ತರಿಸಿ ನೋಡಿ. ತುದಿ ನೇರವಾಗಿ, ಒಂದೇ ಏಟಿಗೆ ತುಂಡಾದರೆ ಅಲಗು ಸರಿಯಿದೆ. ಕಡ್ಡಿ ಜಜ್ಜಿ, ಬಾಗಿ, ನಾರು ಉಳಿದರೆ ಆ ಕಟರ್ ಉಗುರನ್ನೂ ಕತ್ತರಿಸುವುದಿಲ್ಲ, ಹಿಸುಕುತ್ತದೆ. ಕೆಳಗೆ ಬರುವ ದೋಷಗಳಲ್ಲಿ ಎರಡು ಮೂರು ಇಲ್ಲೇ ಶುರುವಾಗುವಂಥವು.

ಉಗುರೇ ಹೊರಗೆ ಬರುತ್ತಿಲ್ಲ

ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯ ಮೇಲೆ ಬೆಳೆಯುತ್ತದೆ. ರಬ್ಬರಿನಂತೆ ಹಿಗ್ಗುವ ಒಂದು ಬಂಧಕವು ಆ ಮೂಳೆಯನ್ನು ಹಿಂದಕ್ಕೆ ಎಳೆದಿಟ್ಟಿರುತ್ತದೆ. ಸುಮ್ಮನೆ ಇಡೀ ಪಂಜವನ್ನು ಹಿಸುಕಿದರೆ ಉಗುರು ಬರುವುದಿಲ್ಲ, ಬೆಕ್ಕಿಗೆ ನೋವಾಗುತ್ತದೆ ಅಷ್ಟೆ. ಒಂದೊಂದೇ ಬೆರಳು ಹಿಡಿಯಬೇಕು: ಹೆಬ್ಬೆರಳು ಮೇಲೆ, ಉಗುರಿನ ಬುಡದ ಗಿಣ್ಣಿನ ಹಿಂದೆ, ತೋರುಬೆರಳು ಕೆಳಗೆ, ಆ ಬೆರಳಿನ ಮೆತ್ತೆಯ ಮೇಲೆ. ಬಟರ್ ಫ್ರೂಟ್ ಹಣ್ಣಾಗಿದೆಯೇ ಎಂದು ಒತ್ತಿ ನೋಡುವಷ್ಟು ಒತ್ತಡ ಸಾಕು. ಉಗುರು ತಾನಾಗಿ ಮುಂದೆ ಜಾರುತ್ತದೆ. ಕೂದಲು ಜಾಸ್ತಿಯಿದ್ದರೆ ಒದ್ದೆ ಹತ್ತಿಯಿಂದ ಹಿಂದಕ್ಕೆ ಸವರಿ. ಉಳಿದವೆಲ್ಲ ಬಂದು ಒಂದೇ ಬೆರಳಿನದು ಬರದಿದ್ದರೆ ಬಲ ಹಾಕಬೇಡಿ. ಅಲ್ಲಿ ಊತವೋ ಹಳೆಯ ಪೆಟ್ಟೋ ಇರಬಹುದು.

ಕಾಲು ಎಳೆದುಕೊಳ್ಳುತ್ತದೆ

ಯಾವ ಗಳಿಗೆಯಲ್ಲಿ ಎಳೆದುಕೊಂಡಿತು ಎನ್ನುವುದರಲ್ಲೇ ಕಾರಣ ಇದೆ.

ಕಟರ್ ಇನ್ನೂ ಕೈಗೆ ಬಂದಿಲ್ಲ, ಪಂಜ ಮುಟ್ಟಿದೊಡನೆ ಎಳೆದುಕೊಂಡಿತು ಎಂದರೆ ಅದಕ್ಕೆ ಮುಟ್ಟಿಸಿಕೊಂಡೇ ಅಭ್ಯಾಸವಿಲ್ಲ. ಒಂದು ವಾರ, ಹತ್ತು ದಿನ ಕತ್ತರಿಸುವ ಮಾತೇ ಬೇಡ. ತೂಕಡಿಸುತ್ತಿರುವಾಗ ಪಂಜ ಮುಟ್ಟಿ, ಒಂದು ಚೂರು ಕೋಳಿ ಕೊಟ್ಟು ಬಿಡಿ. ಮೂರನೆಯ, ನಾಲ್ಕನೆಯ ದಿನ ಒಂದು ಬೆರಳು ಒತ್ತಿ ಉಗುರು ಹೊರತೆಗೆದು, ಮತ್ತೆ ಚೂರು ಕೊಡಿ. ಮರಿಯಾಗಿದ್ದಾಗ, 6ರಿಂದ 8 ವಾರಕ್ಕೇ ಈ ಆಟ ಆಡಿಸಿದರೆ ಮುಂದೆ ಇಷ್ಟು ಪಾಡಿಲ್ಲ.

ಮುಟ್ಟಿದರೆ ಸುಮ್ಮನಿದ್ದು ಕಟರಿನ 'ಕಟ್' ಸದ್ದಿಗೆ ಬೆಚ್ಚಿದರೆ ಸದ್ದಿನ ಭಯ. ಬೆಕ್ಕಿನ ಬೆರಳು ಒತ್ತಿ ಹಿಡಿದು, ಅದರ ಪಕ್ಕದಲ್ಲೇ ಒಣ ಶಾವಿಗೆಯ ಎಳೆ ಕತ್ತರಿಸಿ. ಸದ್ದು ಬಂತು, ನೋವಾಗಲಿಲ್ಲ, ಕೋಳಿ ಸಿಕ್ಕಿತು. ನಾಲ್ಕೈದು ದಿನದಲ್ಲಿ ಆ ಸದ್ದಿಗೆ ಬೆಕ್ಕು ಅಡುಗೆಮನೆಯ ಕಡೆ ನೋಡತೊಡಗುತ್ತದೆ.

ಮೂರು ಉಗುರಿನವರೆಗೆ ಸರಿಯಿದ್ದು ನಾಲ್ಕಕ್ಕೆ ಕೊಸರಿದರೆ ಅದರ ತಾಳ್ಮೆ ಮೂರರಷ್ಟೇ. ಮುಂದಿನ ಸಲ ಎರಡಕ್ಕೇ ನಿಲ್ಲಿಸಿ. 18 ಉಗುರನ್ನೂ ಒಂದೇ ಪಟ್ಟಿನಲ್ಲಿ ಮುಗಿಸಬೇಕೆಂದು ಯಾರೂ ಹೇಳಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ "ಎಡ ಮುಂಗಾಲು 3" ಎಂದು ಗುರುತು ಹಾಕಿಟ್ಟರೆ ನಾಳೆ ಎಲ್ಲಿಂದ ಶುರು ಎಂಬ ಗೊಂದಲವಿಲ್ಲ.

ಪ್ರತಿ ಸಲವೂ ಅದೇ ಒಂದು ಕಾಲಿಗೆ ತಕರಾರು ಮಾಡುತ್ತದೆಯೇ? ನೋವನ್ನು ಹುಡುಕಿ. ಆದರೆ ಅದಕ್ಕೂ ಮೊದಲು ನಿಮ್ಮ ಹಿಡಿತ ನೋಡಿ. ಬೆಕ್ಕಿನ ಕಾಲು ಇರುವುದು ಹಿಂದೆ ಮುಂದೆ ಆಡಲು. ನಮ್ಮ ಅನುಕೂಲಕ್ಕೆ ಅದನ್ನು ಪಕ್ಕಕ್ಕೆ ಎಳೆದರೆ ಭುಜದ ಕೀಲು ನೋಯುತ್ತದೆ. ವಯಸ್ಸಾಗಿ ಕೀಲುವಾತ ಬಂದ ಬೆಕ್ಕಿಗಂತೂ ತಡೆಯಲಾಗದು. ಮೊಣಕೈ ಮಡಿಚಿದಂತೆಯೇ ಇರಲಿ, ಪಂಜವನ್ನು ಎರಡು ಅಂಗುಲ ಮಾತ್ರ ಮೇಲೆತ್ತಿ, ಬಗ್ಗಬೇಕಾದ್ದು ನೀವು.

ಸರಿಯಾಗಿ ಕತ್ತರಿಸುವ ಕ್ಷಣದಲ್ಲೇ ಜಗ್ಗಿದರೆ ಅಲಗು ಮೊಂಡಾಗಿದೆ, ಇಲ್ಲವೇ ಉಗುರಿನೊಳಗೆ ರಕ್ತನಾಳವಿರುವ ಹಸಿಭಾಗಕ್ಕೆ ತೀರ ಹತ್ತಿರ ಹೋಗಿದ್ದೀರಿ. ಪೊರಕೆ ಕಡ್ಡಿಯ ಪರೀಕ್ಷೆ ಇದನ್ನು ಬಗೆಹರಿಸುತ್ತದೆ.

ಕೂರಿಸುವ ಜಾಗದ ಬಗ್ಗೆ ಒಂದು ಮಾತು. ನುಣುಪಾದ ಮೇಜು, ಗ್ರಾನೈಟ್ ಕಟ್ಟೆ, ಕೆಂಪು ಗಾರೆಯ ನೆಲ ಇವುಗಳ ಮೇಲೆ ಕಾಲು ಜಾರಿದೊಡನೆ ಬೆಕ್ಕು ಗಾಬರಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ, ಸಿಗುವುದು ನಿಮ್ಮ ಕೈ. ಕೆಳಗೆ ಗೋಣಿತಾಟು ಹಾಸಿ. ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ, ಮುಖ ಆಚೆಗಿರಲಿ. ಬೆಳೆದ ಬೆಕ್ಕನ್ನು ಕತ್ತಿನ ತೊಗಲು ಹಿಡಿದು ನೇತಾಡಿಸುವ ಹಳೇ ಪದ್ಧತಿ ಬೇಡ. ಅದಕ್ಕೆ ನೋವು ಮತ್ತು ಭಯ ಎರಡೂ ಆಗುತ್ತವೆ. ಇಬ್ಬರಿದ್ದರೆ ಒಬ್ಬರು ಹಿಡಿದು ಚೂರು ತಿನ್ನಿಸಲಿ, ಇನ್ನೊಬ್ಬರು ಕತ್ತರಿಸಲಿ. ಹಿಡಿದವರು "ಬೇಗ ಮುಗ್ಸಮ್ಮಾ, ಕಚ್ಚುತ್ತೆ" ಎಂದು ಅವಸರ ಮಾಡುವವರಾದರೆ ಒಬ್ಬರೇ ಕೂರುವುದು ವಾಸಿ.

ಟವೆಲ್ ಸುತ್ತುವುದಾದರೆ ಹೀಗೆ: ಟವೆಲ್ ಹಾಸಿ ಬೆಕ್ಕನ್ನು ಒಂದು ಅಂಚಿನಿಂದ ಒಂದು ಗೇಣು ಒಳಗೆ ಕೂರಿಸಿ, ಆ ಅಂಚನ್ನು ಅದರ ಮೇಲೆ ತಂದು ಪಕ್ಕಕ್ಕೆ ಸೇರಿಸಿ, ಉದ್ದದ ಬದಿಯನ್ನು ಎದುರು ದಿಕ್ಕಿನಿಂದ ಸುತ್ತಿ. ಕತ್ತಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಬೇಕಾದ ಒಂದು ಕಾಲನ್ನು ಮಾತ್ರ ಹೊರತೆಗೆಯಿರಿ. ಐದು ನಿಮಿಷಕ್ಕಿಂತ ಹೆಚ್ಚು ಸುತ್ತಿಡಬೇಡಿ. ಬಾಲ ಬಡಿಯುವುದು, ಕಿವಿ ಪಕ್ಕಕ್ಕೆ ಮಲಗುವುದು, ಬೆನ್ನಿನ ಚರ್ಮ ಅದುರುವುದು, ಕಣ್ಣಿನ ಪಾಪೆ ಅಗಲವಾಗುವುದು, ಗುರ್ ಎನ್ನುವುದು ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಗುರ್ ಎಂದ ಮೇಲೆ ಬರುವುದು ಹಲ್ಲು.

ಹಸಿಭಾಗ ಕಾಣುತ್ತಿಲ್ಲ

ಉಗುರಿನೊಳಗೆ ಬುಡದಿಂದ ಬರುವ ಗುಲಾಬಿ ಬಣ್ಣದ ತ್ರಿಕೋನವೇ ಹಸಿಭಾಗ. ಅದರಲ್ಲಿ ರಕ್ತನಾಳವೂ ನರವೂ ಇವೆ. ಅದರ ತುದಿಯಿಂದ 2 ಮಿಲಿಮೀಟರ್ ಬಿಟ್ಟು ಕತ್ತರಿಸಬೇಕು. ಬಿಳಿ ಉಗುರಿನಲ್ಲಿ ಇದು ಗಾಜಿನೊಳಗಿನಂತೆ ಕಾಣುತ್ತದೆ. ಕಪ್ಪಗಿನ ಉಗುರಿನಲ್ಲಿ, ಅಥವಾ ಮಧ್ಯಾಹ್ನವೂ ದೀಪ ಹಾಕಬೇಕಾದ ಜುಲೈ ಮಳೆಯಲ್ಲಿ, ಕಾಣುವುದಿಲ್ಲ. ಒದ್ದೆ ಬಟ್ಟೆಯಿಂದ ಕೆಸರು ಒರೆಸಿ, ಟಾರ್ಚನ್ನು ಉಗುರಿನ ಹಿಂದೆ ಹಿಡಿದು ನೋಡಿ. ಆಗಲೂ ಕಾಣದಿದ್ದರೆ ಕೊಕ್ಕೆಯ ಚೂಪು ತುದಿಯನ್ನು ಮಾತ್ರ, ಒಂದು ಮಿಲಿಮೀಟರಿನಷ್ಟು ತೆಗೆಯಿರಿ. ಕಂಬಳಿಗೆ ಸಿಕ್ಕಿಕೊಳ್ಳುವುದು ಆ ಕೊಕ್ಕೆಯೇ, ಅದು ಹೋದರೆ ಅರ್ಧ ಉದ್ದೇಶ ಈಡೇರಿದಂತೆ. ಗಿಡ್ಡವಾಗಿ ಕತ್ತರಿಸಿದರೆ ತಿಂಗಳು ಹೆಚ್ಚು ಬರುತ್ತದೆ ಎಂಬ ಆಸೆಯೇ ರಕ್ತ ಬರಿಸುವುದು.

ರಕ್ತ ಬಂತು

ಗಾಬರಿ ಬೇಡ, ಬೆಕ್ಕನ್ನು ಬಿಡಲೂ ಬೇಡ. ಬಿಟ್ಟರೆ ಮನೆಯೆಲ್ಲ ಚುಕ್ಕಿ ಇಟ್ಟುಕೊಂಡು ಹೋಗಿ ಮಂಚದ ಕೆಳಗೆ ಕೂರುತ್ತದೆ. ಹತ್ತಿಯಿಂದ ಒಮ್ಮೆ ಒತ್ತಿ, ಆಮೇಲೆ ಉಗುರಿನ ತುದಿಯನ್ನು ಕಾರ್ನ್ ಫ್ಲೋರ್ ಒಳಗೆ ಅದ್ದಿ, ಬೆರಳಿನಿಂದ 2 ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಹೆಪ್ಪುಗಟ್ಟುತ್ತಿದ್ದದ್ದು ಪ್ರತಿ ಸಲ ನೋಡಿದಾಗಲೂ ಕಿತ್ತುಬರುತ್ತದೆ. ನಿಂತ ಮೇಲೆ ಒರೆಸಲೂ ಬೇಡಿ. ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಸಿಕ್ಕರೆ ಇನ್ನೂ ಬೇಗ ನಿಲ್ಲುತ್ತದೆ. ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿಯುವ ವಿಷಯ. ಹದಿನೈದು ನಿಮಿಷ ಒತ್ತಿದರೂ ಒಸರುತ್ತಿದ್ದರೆ ಪಶುವೈದ್ಯರ ಬಳಿ ಹೋಗಬೇಕು.

ಈಗ ಹಾಕಬಾರದ್ದು. ನಮ್ಮ ಕಡೆ ಕೈ ಕೊಯ್ದುಕೊಂಡರೆ ಮೊದಲು ಬರುವುದು ಕಾಫಿ ಪುಡಿ ಡಬ್ಬಿ. ಬೆಕ್ಕಿಗೆ ಅದು ಬೇಡವೇ ಬೇಡ. ಕೆಫೀನ್ ಬೆಕ್ಕಿಗೆ ವಿಷ, ಅದರ ಪಂಜಕ್ಕೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಚಿಕೋರಿ ಸೇರಿದ ಪುಡಿಯಾದರೂ ಅಷ್ಟೇ. ಅರಿಶಿನ ವಿಷವಲ್ಲ, ಆದರೆ ಮಸಾಲೆ ಡಬ್ಬಿಯ ಅರಿಶಿನಕ್ಕೆ ಪಕ್ಕದ ಬಟ್ಟಲಿನ ಖಾರದಪುಡಿ ಬಿದ್ದಿರುತ್ತದೆ. ಸುಣ್ಣ ಸುಡುತ್ತದೆ. ಕ್ಷೌರದ ಸ್ಫಟಿಕ ರಕ್ತ ನಿಲ್ಲಿಸುತ್ತದೆ ನಿಜ, ಉರಿಯೂ ಅಷ್ಟೇ ಜೋರು. ಡೆಟಾಲ್, ಫಿನಾಯಿಲ್ ಸೋಕಿಸಲೇಬಾರದು. ಇವುಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರ ಕಡಿಮೆ. ಅದೇ ಕಾರಣಕ್ಕೆ ನೋವಿಗೆಂದು ಪ್ಯಾರಸಿಟಮಾಲ್ ಕೊಡಬಾರದು. ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಕತ್ತರಿಸಿದ್ದು ನಿನ್ನೆ, ರಕ್ತ ಕಂಡದ್ದು ಇವತ್ತು

ಮಳೆಗಾಲದಲ್ಲಿ ಈ ದೂರು ಬಂದರೆ ಉಗುರನ್ನು ದೂರುವ ಮೊದಲು ಪಂಜವನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಕ್ತ ಎಲ್ಲಿಂದ ಬರುತ್ತಿದೆ ನೋಡಿ. ಉಗುರಿನ ತುದಿ ಒಣಗಿದ್ದು, ಬೆರಳ ಸಂದಿಯಲ್ಲಿ ತೆಳ್ಳಗೆ ಒಸರುತ್ತಿದ್ದರೆ ಅದು ಇಂಬಳದ (ಜಿಗಣೆಯ) ಕೆಲಸ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಅದು ಉದುರಿಹೋದ ಮೇಲೂ ಗಾಯ ಬಹಳ ಹೊತ್ತು ಜಿನುಗುವುದು ಅದಕ್ಕೇ. ಇನ್ನೂ ಕಚ್ಚಿಕೊಂಡಿದ್ದರೆ ನಿಮ್ಮ ಉಗುರನ್ನು ಅದರ ಬಾಯಿಯ ಅಂಚಿಗೆ ತೂರಿಸಿ ಪಕ್ಕಕ್ಕೆ ಜಾರಿಸಿ ಬಿಡಿಸಿ. ತೋಟಕ್ಕೆ ಹೋಗುವಾಗ ನಮ್ಮ ಕಾಲಿಗೆ ಕಟ್ಟುವ ಸುಣ್ಣ ಹೊಗೆಸೊಪ್ಪಿನ ಉಪಾಯ ಬೆಕ್ಕಿಗೆ ಬೇಡ, ನೆಕ್ಕಿದರೆ ನಿಕೋಟಿನ್ ಒಳಗೆ ಹೋಗುತ್ತದೆ. ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಸಂದಿ ಒಣಗಿಸಿ. ಬೆರಳ ಸಂದಿಯಲ್ಲಿ ಉಣುಗು, ಮುಳ್ಳು, ಹುಲ್ಲಿನ ಮೊನೆ ಇದೆಯೇ ಎಂದೂ ಆಗಲೇ ನೋಡಿಬಿಡಿ.

ಉಗುರು ಸೀಳಿತು, ಪದರ ಎದ್ದಿತು

ಮೊದಲು ಇದು ದೋಷವೇ ಎಂದು ತಿಳಿಯಿರಿ. ಸೋಫಾದ ಬಳಿ ಉಗುರಿನ ಆಕಾರದ, ಒಳಗೆ ಟೊಳ್ಳಾದ ಚಿಪ್ಪು ಸಿಕ್ಕಿದರೆ ಅದು ಬೆಕ್ಕು ಕಳಚಿದ ಹಳೆಯ ಪೊರೆ. ಉಗುರು ಪದರ ಪದರವಾಗಿ ಬೆಳೆಯುತ್ತದೆ, ಪರಚುವಾಗ ಮೇಲಿನದು ಕಳಚಿ ಒಳಗಿನ ಹೊಸ ಮೊನೆ ಬರುತ್ತದೆ. ಹಿಂಗಾಲಿನದನ್ನು ಬೆಕ್ಕು ಹಲ್ಲಿನಿಂದ ಕಚ್ಚಿ ತೆಗೆಯುತ್ತದೆ. "ಉಗುರೇ ಉದುರಿಹೋಯ್ತು ಡಾಕ್ಟ್ರೇ" ಎಂದು ಈ ಚಿಪ್ಪನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗುವವರಿದ್ದಾರೆ.

ಕತ್ತರಿಸಿದ ಜಾಗದಲ್ಲೇ ಉದ್ದಕ್ಕೆ ಸೀಳಿದ್ದರೆ ಕಾರಣ ಎರಡು. ಒಂದು, ಮೊಂಡು ಅಲಗು. ಇನ್ನೊಂದು, ಕಟರಿನ ದಿಕ್ಕು. ಬೆಕ್ಕಿನ ಉಗುರು ನಮ್ಮದರಂತೆ ಮೇಲಿಂದ ಚಪ್ಪಟೆಯಲ್ಲ, ಎಡಬಲದಿಂದ ಚಪ್ಪಟೆ. ಅಲಗುಗಳು ಉಗುರಿನ ಮೇಲೆ ಮತ್ತು ಕೆಳಗೆ ಬರಬೇಕು. ಎಡಬಲದಿಂದ ಹಿಸುಕಿದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಸಣ್ಣ ಸೀಳಾದರೆ ನೇಲ್ ಫೈಲಿನಿಂದ ಎರಡು ಸಲ ಉಜ್ಜಿ ಬಿಡಿ. ಸೀಳು ಹಸಿಭಾಗ ಮುಟ್ಟಿದ್ದರೆ ವೈದ್ಯರಿಗೆ ತೋರಿಸಿ.

ಉಗುರು ಸುತ್ತಿ ಮೆತ್ತೆಯೊಳಗೆ ಹೋಗಿದೆ

ಇದು ಹೆಬ್ಬೆರಳಿನಲ್ಲಿ, ಮತ್ತು ಮುದಿ ಬೆಕ್ಕಿನಲ್ಲಿ ಕಾಣುವ ದೋಷ. ಕೀಲು ನೋಯುವುದರಿಂದ ಅದು ಪರಚುವುದನ್ನು ಬಿಡುತ್ತದೆ, ಹಳೇ ಪೊರೆ ಕಳಚದೆ ಉಗುರು ದಪ್ಪವಾಗುತ್ತದೆ, ಪೂರ್ತಿ ಒಳಸರಿಯುವುದೂ ಇಲ್ಲ. ಕೊನೆಗೆ ಬಳೆಯಂತೆ ಸುತ್ತಿ ಮೆತ್ತೆಗೆ ಚುಚ್ಚುತ್ತದೆ. ತುದಿ ಮೆತ್ತೆಯನ್ನು ಮುಟ್ಟುತ್ತಿದೆ ಅಷ್ಟೇ ಎಂದಾದರೆ ಸುತ್ತಿನ ನಡುಭಾಗದಲ್ಲಿ, ಹಸಿಭಾಗದಿಂದ ದೂರ, ಕತ್ತರಿಸಿ ತುಂಡನ್ನು ತೆಗೆಯಬಹುದು. ಒಳಗೆ ಹೊಕ್ಕಿದ್ದರೆ, ವಾಸನೆ ಅಥವಾ ಕೀವು ಇದ್ದರೆ, ಮನೆಯಲ್ಲಿ ಎಳೆಯಬೇಡಿ. ನೋವಿನಿಂದ ಅದು ಕಚ್ಚುವುದಂತೂ ಖಂಡಿತ. ಗಾಯ ತೊಳೆದು ಆಂಟಿಬಯಾಟಿಕ್ ಬೇಕಾಗಬಹುದು. ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿರುವ ಮುದಿ ಬೆಕ್ಕಿನ ಉಗುರು ಬೇಗ ಬೇಗ ದಪ್ಪವಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ.

ಉಗುರುಸುತ್ತು

ಬುಡ ಕೆಂಪಾಗಿ ಊದಿ, ಹಕ್ಕಳೆ ಅಥವಾ ಮೊಸರಿನಂಥ ಕೀವು ಕಟ್ಟಿದರೆ ಕತ್ತರಿಸುವುದನ್ನು ನಿಲ್ಲಿಸಿ. ಒಂದೇ ಬೆರಳಾದರೆ ಪೆಟ್ಟು ಅಥವಾ ಮುಳ್ಳಿನ ಸಾಧ್ಯತೆ ಹೆಚ್ಚು. ಹಲವು ಬೆರಳಲ್ಲಿ ಒಟ್ಟಿಗೆ ಬಂದರೆ ಕಾರಣ ದೇಹದೊಳಗಿದೆ, ಕಟರಿಗೂ ಅದಕ್ಕೂ ಸಂಬಂಧವಿಲ್ಲ. ಮುದಿ ಬೆಕ್ಕುಗಳಲ್ಲಿ ಶ್ವಾಸಕೋಶದ ಗೆಡ್ಡೆ ಬೆರಳುಗಳಿಗೆ ಹರಡಿ ಹೀಗೆ ಕಾಣುವುದುಂಟು, ಹಾಗಾಗಿ ಎದೆಯ ಎಕ್ಸ್‌ರೇ ತೆಗೆಯೋಣ ಎಂದು ವೈದ್ಯರು ಹೇಳಿದರೆ ಅಚ್ಚರಿಪಡಬೇಡಿ. ಹಾಸನದವರಿಗೆ ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ. ಉಳಿದವರು ತಾಲ್ಲೂಕಿನ ಪಶು ಆಸ್ಪತ್ರೆಯಿಂದ ಶುರುಮಾಡಬಹುದು.

ಕತ್ತರಿಸಿದರೂ ಸೋಫಾ ಪರಚುವುದು ನಿಂತಿಲ್ಲ

ನಿಲ್ಲುವುದೂ ಇಲ್ಲ. ಬೆಕ್ಕು ಪರಚುವುದು ಪೊರೆ ಕಳಚಲು, ಮೈ ಸಡಿಲಿಸಲು, ಪಂಜದ ವಾಸನೆ ಅಂಟಿಸಿ 'ಇದು ನನ್ನ ಜಾಗ' ಎನ್ನಲು. ಕತ್ತರಿಸಿದ್ದರಿಂದ ಹಾನಿ ಕಡಿಮೆಯಾಗುತ್ತದೆ ಅಷ್ಟೆ. ಬೇರೆ ಕಂಬ ಕೊಡಬೇಕು. 10 ಸೆಂಟಿಮೀಟರ್ ದಪ್ಪದ ಸಿಲ್ವರ್ ಓಕ್ ತುಂಡು, 90 ಸೆಂಟಿಮೀಟರ್ ಎತ್ತರ, ಕೆಳಗೆ ಒಂದೂವರೆ ಅಡಿ ಚೌಕದ ಹಲಗೆ. ಮೇಲಿನ 60 ಸೆಂಟಿಮೀಟರಿಗೆ 8 ಮಿಲಿಮೀಟರಿನ ತೆಂಗಿನ ನಾರಿನ ಹಗ್ಗವನ್ನು ಸಂದಿಲ್ಲದೆ ಸುತ್ತಿ. ಸುಮಾರು 75 ಸುತ್ತು, 26 ಮೀಟರ್ ಹಗ್ಗ ಹಿಡಿಯುತ್ತದೆ. ಅರಸೀಕೆರೆ ಕಡೆಯವರಿಗೆ ಹಗ್ಗ ಹುಡುಕುವ ಕಷ್ಟವಿಲ್ಲ. ಕಂಬ ಅಲ್ಲಾಡಿದರೆ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಮೂಲೆಗೆ ಸರಿಸದೆ ಅದು ಪರಚುವ ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಗೋಣಿ ಸುತ್ತುವುದಾದರೆ ಕಾಫಿಯ ಗೋಣಿ ಆಗಬಹುದು, ಗೊಬ್ಬರ ಔಷಧಿಯ ಚೀಲ ಬೇಡ.

ಉಗುರನ್ನೇ ಶಾಶ್ವತವಾಗಿ ತೆಗೆಸಿಬಿಡಬಹುದೇ ಎಂದು ಕೇಳುವವರಿದ್ದಾರೆ. ಹಾಗೆಂದರೆ ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೆಯುವುದು. ಆ ಯೋಚನೆ ಬಿಡಿ.

ಪರಚಿದ್ದು ನಿಮ್ಮನ್ನು

ಗೀರು ಸಣ್ಣದಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಕಾಫಿ ಪುಡಿ ತುಂಬಬೇಡಿ. ರಕ್ತ ಬರದಿದ್ದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರ ಮಾತು ಕೇಳಿ, ಬೆಕ್ಕಿಗೆ ಹಾಕಿಸಿದ ಲಸಿಕೆಯ ಚೀಟಿ ಜೊತೆಗಿರಲಿ. ಮರಿಗೆ ಮೊದಲ ರೇಬೀಸ್ ಲಸಿಕೆ ಮೂರು ತಿಂಗಳಿಗೆ ಹಾಕಿಸುವುದು ವಾಡಿಕೆ. ಕಚ್ಚಿದ್ದರೆ ಇನ್ನೂ ಎಚ್ಚರ ಬೇಕು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಮೇಲೆ ತೂತು ಮುಚ್ಚಿಕೊಂಡು ಒಳಗೆ ಮರುದಿನವೇ ಕೀವಾಗಬಹುದು. ಗೀರು ವಾಸಿಯಾದ ಒಂದೆರಡು ವಾರಕ್ಕೆ ಕಂಕುಳಲ್ಲೋ ಕತ್ತಿನಲ್ಲೋ ಗಂಟು ಊದಿ ಜ್ವರ ಬಂದರೆ, ಬೆಕ್ಕು ಪರಚಿತ್ತು ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ. ಚಿಗಟದಿಂದ ಬೆಕ್ಕಿಗೆ, ಬೆಕ್ಕಿನ ಉಗುರಿನಿಂದ ಮನುಷ್ಯರಿಗೆ ದಾಟುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೀಗೆ ಗಂಟು ಕಟ್ಟಿಸುತ್ತದೆ. ಆ ವಾರ ಬೆಕ್ಕಿನ ಚಿಗಟಕ್ಕೂ ಔಷಧಿ ಹಾಕಿಸಬೇಕು.